ದೋಟಿ ತುಂಡಲ್ಲಿ ವಿಸ್ಕರ್ ಪೋಲ್ ಆಗ್ತದಾ? ಹಾಯಿದೋಣಿಯವರು ಹೇಳಿ

ಹಿನ್ನೀರಿನವ, ಸಾಗರ:

ಎಲ್ಲರಿಗೂ ನಮಸ್ಕಾರ. ನಮ್ಮದು 19 ಅಡಿಯ ಪ್ಲೈವುಡ್ ಹಾಯಿದೋಣಿ. ಒಳಗೆ ಇಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ, ಹಿಂದೆ ಸಣ್ಣ ಔಟ್‌ಬೋರ್ಡ್ ಎಂಜಿನ್. ವರ್ಷದ ಬಹುಪಾಲು ಶರಾವತಿ ಹಿನ್ನೀರಲ್ಲೇ ಇರ್ತದೆ. ಮಳೆಗಾಲ ಕಳೆದು ಸಮುದ್ರ ಶಾಂತವಾದ ಮೇಲೆ ಒಮ್ಮೊಮ್ಮೆ ಟ್ರೈಲರಲ್ಲಿ ಹೊನ್ನಾವರಕ್ಕೆ ಇಳಿಸ್ತೇವೆ.

ತೊಂದರೆ ಎಂತ ಅಂದ್ರೆ, ಗಾಳಿ ಪೂರಾ ಬೆನ್ನಿಗೆ ಬಂದಾಗ ಮುಂದಿನ ಜಿನೋವಾ ಹಾಯಿ ಮೇನ್ ಹಾಯಿಯ ಮರೆಗೆ ಸಿಕ್ಕಿ ಸುಮ್ಮನೆ ಜೋತು ಬೀಳ್ತದೆ. ಅದನ್ನ ಎದುರು ಬದಿಗೆ ಎಳೆದು ಬಿಡಿಸಿದ್ರೆ ಸ್ವಲ್ಪ ಹೊತ್ತು ತುಂಬಿಕೊಂಡಿರ್ತದೆ. ದೋಣಿ ಒಂಚೂರು ಹೊರಳಿತು ಅಂದ್ರೆ ಕುಸೀತದೆ, ಮತ್ತೆ ಫಟ್ ಅಂತ ತುಂಬ್ತದೆ. ಆ ಹೊಡೆತಕ್ಕೆ ಹಾಯಿ ಕಟ್ಟುವ ಕಂಬ, ಮಾಸ್ಟ್, ಬುಡದಿಂದ ನಡುಗೋದು ಕಾಲಿಗೆ ಗೊತ್ತಾಗ್ತದೆ. ಹಾಗಾಗಿ ವಿಸ್ಕರ್ ಪೋಲ್ ಬೇಕೇ ಬೇಕು ಅಂತ ತೀರ್ಮಾನ ಆಗಿದೆ. ಹೊರದೇಶದ ಉದ್ದ ಗಿಡ್ಡ ಆಗುವ ಪೋಲ್ ತರಿಸೋಣ ಅಂದ್ರೆ ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಬಂದ ಲೆಕ್ಕಕ್ಕೆ ಮನೆಯವಳು ಒಂದೇ ನೋಟ ನೋಡಿದಳು, ಆ ಮಾತು ಅಲ್ಲಿಗೇ ನಿಂತಿತು.

ಪಕ್ಕದ ತೋಟದವರ ಹತ್ರ ಅಡಿಕೆ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಮುರಿದದ್ದು ಇದೆ. ಕೆಳಗಿನ ಎರಡು ತುಂಡು ಗಟ್ಟಿ ಇವೆ, ಗರಿ ಎತ್ತಿದಷ್ಟು ಹಗುರ. ಅದರಲ್ಲಿ ಪೋಲ್ ಮಾಡಬಹುದಾ? ಇಲ್ಲಾ ಅಲ್ಯೂಮಿನಿಯಂ ಪೈಪ್? ಇಲ್ಲಾ ಬಿದಿರೇ ಸಾಕಾ? ಅಳತೆ ಹೇಳ್ತೇನೆ: ಮಾಸ್ಟಿಂದ ಮುಂದಿನ ಸ್ಟೇ (ಮಾಸ್ಟನ್ನ ದೋಣಿಯ ಮೂಗಿಗೆ ಎಳೆದು ಹಿಡಿಯುವ ತಂತಿ) ಬುಡದವರೆಗೆ 2.1 ಮೀಟರ್. ಜಿನೋವಾದ ತಳದಂಚು 2.8 ಮೀಟರ್, ವಿಸ್ತೀರ್ಣ ಸುಮಾರು 8 ಚದರ ಮೀಟರ್.

ಸುಮ್ನೆ ಓದುವವ, ಶಿವಮೊಗ್ಗ:

ಕ್ಷಮಿಸಿ, ನಾನು ಹಾಯಿದೋಣಿ ಹತ್ತಿದವನಲ್ಲ. ದೋಟಿ ಗೊತ್ತು. ವಿಸ್ಕರ್ ಪೋಲ್ ಅಂದ್ರೆ ಎಂತದು ಮಾರಾಯ್ರೆ?

ನೀರಾಟದ ಮಾವ, ತಾಳಗುಪ್ಪ:

ಓದುವವರೇ, ಒಂದು ಉದ್ದ ಕೋಲು. ಒಂದು ತುದಿ ಮಾಸ್ಟಿಗೆ ಸಿಕ್ಕಿಸೋದು, ಇನ್ನೊಂದು ತುದಿ ಮುಂದಿನ ಹಾಯಿಯ ಹಿಂದಿನ ಕೆಳಮೂಲೆಯನ್ನ ದೋಣಿಯಿಂದ ಹೊರಗೆ ದೂಡಿ ಹಿಡಿಯೋದು. ಆಗ ಮೇನ್ ಹಾಯಿ ಒಂದು ಬದಿ, ಚಿಕ್ಕ ಜಿಬ್ಬೋ ದೊಡ್ಡ ಜಿನೋವಾವೋ ಇನ್ನೊಂದು ಬದಿ, ಎರಡಕ್ಕೂ ಗಾಳಿ. ಸ್ಪಿನೇಕರ್ ಪೋಲ್ ಅಂತ ಇನ್ನೊಂದಿದೆ, ಅದು ದಪ್ಪ, ಭಾರ, ಉದ್ದ ಸಾಮಾನ್ಯವಾಗಿ ಮಾಸ್ಟಿಂದ ಸ್ಟೇಗೆ ಇರುವಷ್ಟೇ. ವಿಸ್ಕರ್ ಪೋಲ್ ಹಗುರ, ಉದ್ದ ಜಾಸ್ತಿ. ಕಲಿಯುವವರ ಎಂಟರ್‌ಪ್ರೈಸ್ ಅನ್ನೋ ಸಣ್ಣ ಡಿಂಗಿ ದೋಣಿಯಲ್ಲೂ ಒಂದು ಸಣ್ಣ ಕೋಲು ಇರ್ತದೆ, ಅದೂ ಇದೇ ಜಾತಿ.

ಹಿನ್ನೀರಿನವರೇ, ಸಾಮಾನು ಯಾವುದು ಅನ್ನೋದು ಆಮೇಲಾಯ್ತು. ಅದನ್ನ ಹಿಡಿಯುವ ಹಗ್ಗ ಎಷ್ಟು, ಎಲ್ಲಿಗೆ ಬರ್ತವೆ ಅಂತ ಮೊದಲು ಹೇಳಿ. ಪೋಲ್ ಮುರಿಯೋದು ಹೆಚ್ಚಾಗಿ ಪೈಪ್ ಸಣ್ಣದಾಯ್ತು ಅಂತಲ್ಲ, ಹಗ್ಗ ಇಲ್ಲದೆ ಅದು ಹೋಗಬಾರದ ಜಾಗಕ್ಕೆ ಹೋಗಿ.

ಅಡಿಕೆ ಕೊನೆ, ತೀರ್ಥಹಳ್ಳಿ:

ದೋಟಿ ವಿಷಯ ಬಂತಲ್ಲ, ನಾನು ಮಾತಾಡಬಹುದು. ದೋಣಿ ಗೊತ್ತಿಲ್ಲ, ದೋಟಿ ದಿನಾ ಹಿಡಿತೇನೆ. ಕೊನೆಗಾರರು ಸಿಗದ ಕಾಲದಲ್ಲಿ ಕೊಯ್ಲಿಗೂ ಔಷಧಿ ಹೊಡೆಯೋದಕ್ಕೂ ಅದೇ ಗತಿ.

ಕಾರ್ಬನ್ ದೋಟಿ ಬಾಗಿದ್ರೆ ಮುರಿಯೋದಿಲ್ಲ, ಮರದ ತುದಿಯಲ್ಲಿ ಎಷ್ಟು ಬಾಗ್ತದೆ ನೀವೇ ನೋಡಿರ್ತೀರಿ. ಅದಕ್ಕೆ ಆಗದ್ದು ಹಿಸುಕೋದು. ಗೋಡೆ ತೆಳು. ಜೀಪಿನ ಹಿಂದೆ ಹಾಕಿ ಹಗ್ಗ ಬಿಗಿದು ಕಟ್ಟಿದ್ರೆ ಹಗ್ಗ ಕೂತ ಜಾಗದಲ್ಲೇ ಚಟ್ ಅಂತದೆ. ಕಲ್ಲಿನ ಮೇಲೆ ಬಿದ್ದು ಸಣ್ಣ ಪೆಟ್ಟಾದ್ರೆ ಹೊರಗೆ ಏನೂ ಕಾಣೋದಿಲ್ಲ, ಮುಂದಿನ ಸಲ ಭಾರ ಹಾಕಿದಾಗ ಅಲ್ಲೇ ಹೋಗ್ತದೆ. ಮುರಿದ ಬಾಯಿಗೆ ಬರಿಗೈ ಹಾಕಬೇಡಿ, ಸಿಬಿರು ಹೊಕ್ಕರೆ ಚಿಮಟಕ್ಕೂ ಸಿಗೋದಿಲ್ಲ.

ಇನ್ನೊಂದು, ಇದು ತಮಾಷೆಯ ಮಾತಲ್ಲ. ಅಲ್ಯೂಮಿನಿಯಂ ದೋಟಿ ಕರೆಂಟ್ ತಂತಿಗೆ ತಾಗಿ ಜೀವ ಹೋದದ್ದು ಮಲೆನಾಡಲ್ಲಿ ಎಲ್ಲರಿಗೂ ಗೊತ್ತು. ಕಾರ್ಬನ್ನಿಗೆ ಶಾಕ್ ಹೊಡೆಯೋದಿಲ್ಲ ಅಂತ ಕೆಲವರು ತಿಳ್ಕೊಂಡಿದ್ದಾರೆ. ಸುಳ್ಳು. ಕಾರ್ಬನ್ನೂ ಕರೆಂಟ್ ಹರಿಸ್ತದೆ. ನಿಮ್ಮ ಮಾಸ್ಟೂ ಅಷ್ಟೇ, ದಡದಲ್ಲಿ ಎತ್ತುವಾಗ ಮೇಲೆ ನೋಡಿ.

ಕುಮಟಾ ಗಾಳಿ:

ನಮ್ಮ ದೋಣಿ 24 ಅಡಿಯ ಫೈಬರಿಂದು, ಸಮುದ್ರದ್ದೇ. ನನ್ನ ಅಭಿಪ್ರಾಯ ಕೇಳಿದ್ರೆ ಉದ್ದ ಗಿಡ್ಡ ಆಗುವ ಪೋಲೇ ಬೇಕು. ಜಿನೋವಾ ಸುತ್ತುವ ಫರ್ಲರ್ ಇದ್ದ ಮೇಲೆ ಹಾಯಿ ಇವತ್ತು ಪೂರ್ತಿ, ನಾಳೆ ಅರ್ಧ. ಅರ್ಧ ಸುತ್ತಿದ ಹಾಯಿಗೆ ಪೂರ್ತಿ ಉದ್ದದ ಕೋಲು ಎಂತಕ್ಕೆ? ಹಾಯಿಯ ತಳ ಕಿತ್ತು ಬರುವ ಹಾಗೆ ಎಳೀತದೆ, ಇಲ್ಲಾ ಕೋಲು ಮುಂದಕ್ಕೆ ಓಡಿ ಸ್ಟೇಗೆ ಒರಗ್ತದೆ.

ದುಡ್ಡು ಉಳಿಸೋಕೆ ಹೋಗಿ ತೆಳ್ಳಗಿನ ಪರದೆ ಪೈಪ್ ತಂದವರನ್ನ ನೋಡಿದ್ದೇನೆ. ಒಂದು ಅಲೆಗೆ ಪೋಲಿನ ತುದಿ ನೀರಿಗೆ ಅದ್ದಿತು, ಅಷ್ಟೇ, ಮೂಲಂಗಿ ಮುರಿದ ಹಾಗೆ ನಡು ಮುರಿಯಿತು.

ಲೇತ್ ಭಾವ, ಶಿವಮೊಗ್ಗ:

ಕುಮಟಾದವರೇ, ಪರದೆ ಪೈಪ್ ಬೇಡ ಅನ್ನೋದಕ್ಕೆ ನನ್ನದೂ ಒಂದು ಓಟು. ಮಿಕ್ಕದ್ದಕ್ಕೆ ಇಲ್ಲ.

ಎರಡು ಪೈಪ್ ಒಂದರೊಳಗೊಂದು ಜಾರುವ ಪೋಲನ್ನ ನಾನೂ ಮಾಡಿಕೊಡಬಲ್ಲೆ. ಉಪ್ಪು ನೀರು ಮಧ್ಯಕ್ಕೆ ಹೊಕ್ಕು ಬಿಳಿ ಪುಡಿ ಕಟ್ಟಿದ ಮೇಲೆ ಅದನ್ನ ಬಿಡಿಸೋಕೆ ಮತ್ತೆ ನನ್ನ ಅಂಗಡಿಗೇ ಬರಬೇಕು. ಗ್ರೀಸ್ ಹಚ್ಚಿದ್ರೆ ಮರಳು ಹಿಡೀತದೆ. ಪ್ರತಿ ಸಲ ಸಿಹಿನೀರಲ್ಲಿ ತೊಳೆದು, ಒಣಗಿಸಿ, ಒಣ ಟೆಫ್ಲಾನ್ ಸ್ಪ್ರೇ ಹೊಡೆಯುವ ಶಿಸ್ತು ಇದ್ದವರಿಗೆ ಮಾತ್ರ ಅದು. 24 ಅಡಿಗೆ ಇರಲಿ, 19 ಅಡಿಯ ದೋಣಿಗೆ ಒಂದೇ ಉದ್ದದ ಪೈಪ್ ಸಾಕು.

ಪೈಪ್ ಕೊಳ್ಳುವಾಗ ಜನ ಮಾಡೋದು ಒಂದೇ: ಬೆರಳಲ್ಲಿ ಗೋಡೆ ದಪ್ಪ ಮುಟ್ಟಿ ನೋಡೋದು. ದಪ್ಪ ಗೋಡೆ ಅಂದ್ರೆ ಗಟ್ಟಿ ಅಂತ. ಪೋಲ್ ಮೇಲೆ ಬೀಳೋದು ಎರಡು ತುದಿಯಿಂದ ಒತ್ತುವ ಭಾರ. ಅಂಥಾ ಉದ್ದ ಕೋಲು ಪುಡಿಯಾಗೋದಿಲ್ಲ, ನಡುವಲ್ಲಿ ಡೊಂಕಾಗಿ ಹೋಗ್ತದೆ. ಡೊಂಕು ತಡೆಯೋಕೆ ಬೇಕಾದ್ದು ವ್ಯಾಸ. 2.8 ಮೀಟರ್ ಉದ್ದಕ್ಕೆ ಲೆಕ್ಕ ಹಾಕಿದೆ, ಎರಡೂ ಪೈಪಿನ ಗೋಡೆ 1.6 ಮಿ.ಮೀ. ಅಂತ ಇಟ್ಟುಕೊಂಡು. 25 ಮಿ.ಮೀ. ಪೈಪ್ ಸುಮಾರು 70 ಕೆ.ಜಿ. ಒತ್ತಡಕ್ಕೆ ಡೊಂಕಾಗ್ತದೆ. 38 ಮಿ.ಮೀ. ಪೈಪ್ ತಡೆಯೋದು 270 ಕೆ.ಜಿ. ಹತ್ರ. ತೂಕ ನೋಡಿದ್ರೆ ಮೊದಲಿನದು 900 ಗ್ರಾಂ, ಎರಡನೆಯದು 1.4 ಕೆ.ಜಿ. ಅರ್ಧ ಕೆ.ಜಿ. ಜಾಸ್ತಿಗೆ ನಾಲ್ಕು ಪಟ್ಟು ಹತ್ರ ಬಲ. ಉದ್ದ ಮಾತ್ರ ಉಲ್ಟಾ ಹೊಡೀತದೆ, ಅದೇ ಪೈಪ್ ಎರಡು ಪಟ್ಟು ಉದ್ದ ಮಾಡಿದ್ರೆ ಬಲ ಕಾಲುಭಾಗಕ್ಕೆ ಇಳೀತದೆ.

ಇದು ನೇರ ಪೈಪಿನ ಪುಸ್ತಕದ ಲೆಕ್ಕ. ಅಂಗಡಿ ಪೈಪ್ ಪೂರಾ ನೇರ ಇರೋದಿಲ್ಲ, ಅದಕ್ಕೇ ಮೂರು ನಾಲ್ಕು ಪಟ್ಟು ಮುನ್ನೆಚ್ಚರಿಕೆ ಇಟ್ಟುಕೊಳ್ಳಿ. ನೆಲದ ಮೇಲೆ ಉರುಳಿಸಿ ನೋಡಿ ತನ್ನಿ, ಕುಣಿದರೆ ವಾಪಸ್ ಇಡಿ.

ಅಲ್ಯೂಮಿನಿಯಂ ಜಾತಿಯಲ್ಲಿ 6061 ಬೇಕೋ 6063 ಬೇಕೋ ಅಂತ ಕೇಳೋರಿಗೆ: 6061 ಟಿ6 ಗಟ್ಟಿ ಹೌದು, ಆದ್ರೆ ಬಿಗಿತ ಎರಡರದ್ದೂ ಹೆಚ್ಚುಕಮ್ಮಿ ಒಂದೇ. ತೆಳ್ಳಗಿನ ಉದ್ದ ಕೋಲು ಡೊಂಕಾಗೋದು ಬಿಗಿತದ ಲೆಕ್ಕದ ಮೇಲೆ. ನಮ್ಮೂರಲ್ಲಿ ಸಿಗುವ 6063 ಧಾರಾಳ ಸಾಕು, ಟಿ6 ಹದದ್ದು ಕೇಳಿ ತಗೊಳ್ಳಿ.

ಹಿನ್ನೀರಿನವ, ಸಾಗರ:

ಭಾವ, ಲೆಕ್ಕ ಬಂಗಾರ. ಆದ್ರೆ ಹಾಯಿ ಎಷ್ಟು ಕೆ.ಜಿ. ದೂಡ್ತದೆ ಅಂತ ಗೊತ್ತಾದ್ರೆ ತಾನೇ 70 ಸಾಕೋ 270 ಬೇಕೋ ಹೇಳೋಕಾಗೋದು? ಮತ್ತೆ ಉದ್ದ 2.8 ಅಂತ ಯಾಕೆ ಹಿಡಿದ್ರಿ? ಮಾಸ್ಟಿಂದ ಸ್ಟೇಗೆ 2.1 ತಾನೇ ಇರೋದು.

ಗಣಿತದ ಟೀಚರ್, ಹೊಸನಗರ:

ಇದಕ್ಕೆ ನಾನು ಉತ್ತರಿಸುತ್ತೇನೆ. ರಜೆಯಲ್ಲಿ ಅಣ್ಣನ ದೋಣಿಯಲ್ಲಿ ಚುಕ್ಕಾಣಿ ಹಿಡಿಯುವವಳು ನಾನೇ.

ಮೊದಲು ಭಾರ. ಗಂಟೆಗೆ 28 ಕಿ.ಮೀ. ವೇಗದ ಗಾಳಿ ನಿಮ್ಮ 8 ಚದರ ಮೀಟರ್ ಹಾಯಿಗೆ ನೇರವಾಗಿ ಬಡಿದರೆ ಒಟ್ಟು ತಳ್ಳು ಸುಮಾರು 35 ಕೆ.ಜಿ. ಗಾಳಿಯ ವೇಗ ದುಪ್ಪಟ್ಟಾದರೆ ತಳ್ಳು ನಾಲ್ಕು ಪಟ್ಟು, ಅಂದರೆ 140. ಇದಿಷ್ಟೂ ಪೋಲಿನ ಮೇಲೆ ಬೀಳುವುದಿಲ್ಲ. ಹಾಯಿಯ ಮೇಲ್ತುದಿ, ಮುಂಮೂಲೆ, ಸ್ಟೇ ಎಲ್ಲ ಹಂಚಿಕೊಳ್ಳುತ್ತವೆ. ಆದರೆ ನೀವು ಹೇಳಿದ ಆ 'ಫಟ್' ಇದೆಯಲ್ಲ, ಕುಸಿದ ಹಾಯಿ ಒಮ್ಮೆಲೇ ತುಂಬಿಕೊಳ್ಳುವ ಕ್ಷಣ, ಆಗ ಹಾಯಿಯ ಮೂಲೆಯನ್ನು ಎಳೆದು ಹಿಡಿಯುವ ಶೀಟ್ ಹಗ್ಗದ ಸೆಳೆತ ಪೂರ್ತಿ ಪೋಲಿನ ಉದ್ದಕ್ಕೆ ಒತ್ತುತ್ತದೆ. 70 ಕೆ.ಜಿ.ಯ ಪೈಪಿಗೆ ಅಲ್ಲಿ ಉಸಿರಾಡಲು ಜಾಗವೇ ಇಲ್ಲ.

ಇನ್ನು ಉದ್ದ. ಕಾಗದ ತೆಗೆದುಕೊಂಡು ತ್ರಿಕೋನ ಬರೆಯಿರಿ. ಒಂದು ಬಾಹು ಮಾಸ್ಟಿನಿಂದ ಸ್ಟೇ ಬುಡಕ್ಕೆ, 2.1. ಇನ್ನೊಂದು ಹಾಯಿಯ ತಳದಂಚು, 2.8. ಮೂರನೆಯದು ಪೋಲ್. ಪೋಲ್ 2.1 ಮೀಟರ್ ಇದ್ದರೆ ಅದು ದೋಣಿಗೆ ಹೆಚ್ಚುಕಡಿಮೆ ಅಡ್ಡಲಾಗಿ, ಮೂಗಿನ ದಿಕ್ಕಿಗೆ 84 ಡಿಗ್ರಿಯಲ್ಲಿ ನಿಲ್ಲುತ್ತದೆ. ನೋಡಲು ಚೆಂದ. ಆದರೆ ಹಾಯಿ ಮುಂದಿನಿಂದ ಹಿಂದಕ್ಕೆ ಓರೆಯಾಗಿ ನಿಂತಿರುತ್ತದೆ. ಪೂರ್ತಿ ಅಡ್ಡ ನಿಂತ ಹಾಯಿಗೆ ಹೋಲಿಸಿದರೆ ಅದರ ಓರೆ 42 ಡಿಗ್ರಿ. ಪೋಲನ್ನು 2.8ಕ್ಕೆ ಉದ್ದ ಮಾಡಿ. ಪೋಲ್ ತಾನು ಮುಂದಕ್ಕೆ, 68 ಡಿಗ್ರಿಗೆ ಬರುತ್ತದೆ, ಹಾಯಿಯ ಓರೆ 22 ಡಿಗ್ರಿಗೆ ಇಳಿಯುತ್ತದೆ. ಹಾಯಿಯ ಮೂಲೆ ದೋಣಿಯ ನಡುಗೆರೆಯಿಂದ 2.1 ಮೀಟರ್ ಬದಲು 2.6 ಮೀಟರ್ ಆಚೆ ನಿಲ್ಲುತ್ತದೆ. ಗಾಳಿಗೆ ಸಿಗುವ ಬಟ್ಟೆ ನಾಲ್ಕರಲ್ಲೊಂದು ಪಾಲು ಹೆಚ್ಚು. ಪೋಲಿನ ಉದ್ದ ಹಾಯಿಯ ತಳದಂಚಿನಷ್ಟಿರಲಿ ಎಂದು ಹೇಳುವುದು ಇದೇ ಕಾರಣಕ್ಕೆ.

ತಳದಂಚು ತಂತಿಯಂತೆ ಬಿಗಿದಿದೆ ಎಂದುಕೊಂಡು ಲೆಕ್ಕ ಮಾಡಿದ್ದೇನೆ. ನಿಜದಲ್ಲಿ ಹಾಯಿಗೆ ಸ್ವಲ್ಪ ಹೊಟ್ಟೆ ಬೇಕು, ಆದ್ದರಿಂದ ಒಂದು ಗೇಣು ಕಡಿಮೆಯಾದರೂ ನಷ್ಟವಿಲ್ಲ. ಕತ್ತರಿಸುವ ಮುಂಚೆ ಗಾಳಿಯಿಲ್ಲದ ದಿನ ಹಾಯಿ ಬಿಚ್ಚಿ, ಮಾಸ್ಟಿನಿಂದ ಹಾಯಿಯ ಮೂಲೆಗೆ ಟೇಪ್ ಹಿಡಿದು ನೋಡಿ.

ಸುಮ್ನೆ ಓದುವವ, ಶಿವಮೊಗ್ಗ:

ಟೀಚರ್, ಹತ್ತನೇ ಕ್ಲಾಸಲ್ಲಿ ನೀವು ಸಿಕ್ಕಿದ್ರೆ ನಾನು ಗಣಿತದಲ್ಲಿ ಪಾಸಾಗ್ತಿದ್ದೆ.

ಬಿದಿರುಮೆಳೆ, ಸೊರಬ:

ಬಿದಿರನ್ನ ಯಾರೂ ಮಾತಾಡಿಸಲೇ ಇಲ್ಲ!

ಬಿದಿರಿನ ಬಿಗಿತ ಅಲ್ಯೂಮಿನಿಯಂನ ಐದನೇ ಒಂದು ಪಾಲು, ತೂಕ ನಾಲ್ಕನೇ ಒಂದು ಪಾಲು ಅಂತ ಅಂದಾಜು ಇಟ್ಟುಕೊಳ್ಳಿ. ಅಂದ್ರೆ ಸ್ವಲ್ಪ ದಪ್ಪ ಗಳ ತಗೊಂಡ್ರೆ ಅದೇ ತೂಕಕ್ಕೆ ಅದೇ ಕೆಲಸ ಆಗ್ತದೆ. ಅಲ್ಯೂಮಿನಿಯಂ ಹೇಳದೆ ಕೇಳದೆ ಮಡಚ್ತದೆ. ಬಿದಿರು ಮೊದಲು ಚಟಪಟ ಅಂತದೆ, ನಿಮಗೆ ಶೀಟ್ ಬಿಡೋಕೆ ಹೊತ್ತು ಸಿಗ್ತದೆ.

ಹೆಬ್ಬಿದಿರು ಬೇಡ, ಒಳಗೆ ಪೊಳ್ಳು ಜಾಸ್ತಿ, ಡೊಂಕೂ ಇರ್ತದೆ. ಬೇಲಿ ಬದಿಗೆ ಬೆಳೆಸ್ತಾರಲ್ಲ ಮರಿಹಾಳ್ ಬಿದಿರು, ಮುಳ್ಳಿಲ್ಲದ್ದು, ನೇರ, ಒಳಗೆ ಹೆಚ್ಚುಕಡಿಮೆ ತುಂಬಿಕೊಂಡಿರೋದು, ಅದು ನೋಡಿ. ಮೂರು ನಾಲ್ಕು ವರ್ಷ ಬಲಿತ ಗಳ ಆಗಬೇಕು. ಎಳೆಯದು ಒಣಗಿದ ಮೇಲೆ ಸುಕ್ಕಾಗ್ತದೆ. ಕಡಿದ ಮೇಲೆ ಎರಡು ಮೂರು ವಾರ ಹರಿಯುವ ನೀರಲ್ಲಿ ಮುಳುಗಿಸಿಡಿ, ಒಳಗಿನ ಪಿಷ್ಟ ಇಳಿದ್ರೆ ಹುಳ ಕೊರೆಯೋದು ಕಮ್ಮಿ. ಆಮೇಲೆ ನೆರಳಲ್ಲಿ ಒಣಗಿಸಿ, ಬಿಸಿಲಲ್ಲಿ ಇಟ್ರೆ ಉದ್ದುದ್ದ ಸೀಳ್ತದೆ. ಎರಡೂ ತುದಿ ಗಂಟಿನ ಹತ್ರ ಬರುವ ಹಾಗೆ ಕೊಯ್ದು, ಮೇಣ ಹಚ್ಚಿದ ದಾರ ಒತ್ತಾಗಿ ಸುತ್ತಿ ಎಪಾಕ್ಸಿ ಅಂಟು ಹಚ್ಚಿ.

ಕಡಿಯೋದಕ್ಕೆ ಪರವಾನಗಿ ಬೇಕಾ ಅಂತ ಕೇಳ್ತೀರಿ. 2017ರ ತಿದ್ದುಪಡಿ ಆದ ಮೇಲೆ ಅರಣ್ಯದ ಹೊರಗೆ ಬೆಳೆದ ಬಿದಿರು ಕೇಂದ್ರದ ಅರಣ್ಯ ಕಾಯ್ದೆಯ 'ಮರ'ಗಳ ಸಾಲಿಂದ ಹೊರಗೆ ಬಂದಿದೆ. ನಿಮ್ಮ ಬೇಲಿಯದ್ದು ನಿಮ್ಮದು. ಕಾಡಿನದ್ದಕ್ಕೆ ಕೈ ಹಾಕಬೇಡಿ.

ಕುಮಟಾ ಗಾಳಿ:

ಬಿದಿರು ಒಳ್ಳೇದೇ. ಆದ್ರೆ ಸಮುದ್ರದ ಮೇಲೆ ನನಗೆ ನಂಬಿಕೆ ಇಲ್ಲ. ಯಾವ ಗಳ ಹೇಗೆ ಅಂತ ಮುರಿದ ಮೇಲೇ ಗೊತ್ತಾಗೋದು. ಪೈಪ್ ಆದ್ರೆ ಒಂದರ ಹಾಗೆ ಇನ್ನೊಂದು.

ಹಿನ್ನೀರಿನವ, ಸಾಗರ:

ಹಾಗಾದ್ರೆ 38 ಮಿ.ಮೀ. ಅಲ್ಯೂಮಿನಿಯಂ, ಒಂದೇ ಉದ್ದ. ದೋಟಿ ಆಸೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಇರಲಿ. ಈಗ ತುದಿಗೆ ಎಂತ ಮಾಡೋದು ಹೇಳಿ. ಆಮೇಲೆ ಮಾವ ಕೇಳಿದ ಹಗ್ಗದ ಪ್ರಶ್ನೆ. ನಿಜ ಹೇಳಬೇಕಂದ್ರೆ ಹಾಯಿಯ ಮೂಲೆಗೆ ಸಿಕ್ಕಿಸಿದ್ರೆ ಮುಗೀತು ಅಂತ ಅಂದ್ಕೊಂಡಿದ್ದೆ.

ಲೇತ್ ಭಾವ, ಶಿವಮೊಗ್ಗ:

ತುದಿ ನನ್ನ ಇಲಾಖೆ.

ಹಳೇ ಡಿಂಗಿಯಲ್ಲಿ ಹೊರತುದಿಗೆ ಒಂದು ಮೊಳೆ, ಹಾಯಿ ಮೂಲೆಯ ಬಳೆಗೆ ಚುಚ್ಚೋದು. ಒಳತುದಿಗೆ ಒಂದು ಕೊಕ್ಕೆ. ಸಸ್ತಾ, ಸುಲಭ. ಹಾಯಿ ಕುಸಿದ ತಕ್ಷಣ ಮೊಳೆ ಕಳಚಿಕೊಳ್ತದೆ, ಆ ಮೊಳೆ ಯಾರ ಕಣ್ಣ ಎತ್ತರಕ್ಕೆ ಬರ್ತದೆ ಯೋಚಿಸಿ. ಬೇಡ.

ಎರಡೂ ತುದಿಗೆ ಒಂದೇ ನಮೂನೆಯ ಬಾಯಿ ಮಾಡೋಣ. ಬಿಳಿ ನೈಲಾನ್ ರಾಡ್ ತಗೊಂಡು ಪೈಪಿನ ಒಳಗೆ 80 ಮಿ.ಮೀ. ಹೋಗುವ ಹಾಗೆ ಟರ್ನಿಂಗ್ ಮಾಡೋದು. ನಿಮ್ಮ ಪೈಪಿನ ಒಳವ್ಯಾಸ 34.8 ಬರ್ತದೆ. ನೈಲಾನ್ ನೀರು ಕುಡಿದು ಉಬ್ಬುವ ಜಾತಿ, ಬಿಗಿಯಾಗಿ ಹೊಡೆದ್ರೆ ಮಳೆಗಾಲದಲ್ಲಿ ಪೈಪಿನ ಬಾಯಿ ಸೀಳೋಕೂ ಸೈ. ಅದಕ್ಕೇ ಒಂಚೂರು ಸಡಿಲ ಬಿಟ್ಟು 34.5ಕ್ಕೆ ಇಳಿಸ್ತೇನೆ. ಅಸಿಟಾಲ್ ರಾಡ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಅದು ನೀರು ಹೀರೋದು ತೀರಾ ಕಮ್ಮಿ. ಪೈಪಿಂದ ಹೊರಗಿರುವ ಭಾಗದಲ್ಲಿ ಬಾಯಿ ಕೊರೆದು, ಅಡ್ಡಕ್ಕೆ 8 ಮಿ.ಮೀ. ಸ್ಟೀಲ್ ಪಿನ್, ಹಿಂದೆ ಸ್ಪ್ರಿಂಗ್. ಪಿನ್ನಿಗೆ ಕಟ್ಟಿದ ದಾರ ಎಳೆದ್ರೆ ಬಾಯಿ ಬಿಡ್ತದೆ. ಒಳತುದಿಯ ಬಾಯಿಯನ್ನೂ ಹೊರತುದಿಯ ಬಾಯಿಯನ್ನೂ ಒಂದೇ ದಾರದಲ್ಲಿ ಪೈಪಿನ ಉದ್ದಕ್ಕೆ ಜೋಡಿಸಿದ್ರೆ ಮಧ್ಯದಲ್ಲಿ ಎಲ್ಲಿ ಹಿಡಿದು ಎಳೆದ್ರೂ ಸಾಕು.

ಶೀಟ್ ಹಗ್ಗ ಹಾಯುವ ಬಾಯಿಯ ಒಳಗನ್ನ ಉಗುರು ತಾಗದ ಹಾಗೆ ನುಣ್ಣಗೆ ಮಾಡಬೇಕು. ಅಂಗಡಿಯಲ್ಲಿ ಹುಡುಗರು ಅವಸರ ಮಾಡೋದು ಇಲ್ಲೇ. ಚೂಪು ಅಂಚು ಉಳಿದ್ರೆ ಹಗ್ಗದ ಹೊರಪದರ ಎರಡು ದಿನಕ್ಕೆ ನಾರಾಗ್ತದೆ.

ಹಿನ್ನೀರಿಗೆ ಮಾತ್ರ ಆದ್ರೆ 304 ಸ್ಟೀಲ್ ಸಾಕು, ಹೊನ್ನಾವರಕ್ಕೂ ಒಯ್ಯೋದಾದ್ರೆ 316. ಮ್ಯಾಗ್ನೆಟ್ ಹಿಡಿದು ಪರೀಕ್ಷೆ ಮಾಡೋಕೆ ಹೋಗಬೇಡಿ, ಎರಡೂ ಹೆಚ್ಚುಕಡಿಮೆ ಅಂಟೋದಿಲ್ಲ. ಅಲ್ಯೂಮಿನಿಯಂಗೆ ಸ್ಟೀಲ್ ಸ್ಕ್ರೂ ಕೂರುವಲ್ಲಿ ಡ್ಯೂರಾಲ್ಯಾಕ್ ಥರದ ಪೇಸ್ಟ್ ಹಚ್ಚಿ. ಇಲ್ಲಾಂದ್ರೆ ಉಪ್ಪು ನೀರಲ್ಲಿ ಸ್ಕ್ರೂ ಸುತ್ತ ಪೈಪೇ ಕೊಳೆತು ಹೋಗ್ತದೆ. ಸ್ಕ್ರೂ ತೂತುಗಳನ್ನ ಪೈಪಿನ ಸುತ್ತ ಒಂದೇ ಸಾಲಲ್ಲಿ ಹೊಡೀಬಾರದು, ಒಂದು ಹಿಂದೆ ಒಂದು ಮುಂದೆ ಬರಲಿ. ನಡು ಪೈಪಿಗೆ ಒಂದೂ ತೂತು ಬೇಡ.

ತುದಿ ಕೂರಿಸುವಾಗ ಸಿಲಿಕೋನ್ ಹಚ್ಚಿ ಗಾಳಿ ಆಡದ ಹಾಗೆ ಮುಚ್ಚಿದ್ರೆ ಇನ್ನೊಂದು ಲಾಭ. ಒಳಗೆ ಹೊರಗೆ ಸೇರಿ ಈ ಪೈಪಿನ ಗಾತ್ರ 3 ಲೀಟರ್ ಮೇಲೆ, ತುದಿ ಸೇರಿದರೂ ತೂಕ 2 ಕೆ.ಜಿ. ದಾಟೋದಿಲ್ಲ. ಕೈ ಜಾರಿ ನೀರಿಗೆ ಬಿದ್ರೆ ತೇಲ್ತದೆ.

ನೀರಾಟದ ಮಾವ, ತಾಳಗುಪ್ಪ:

ಈಗ ಹಗ್ಗ.

ಪೋಲಿನ ಹೊರತುದಿಗೆ ಮೂರು ಹಗ್ಗ ಬೇಕು: ಮೇಲಕ್ಕೆ ಒಂದು, ಮುಂದಕ್ಕೆ ಒಂದು, ಹಿಂದಕ್ಕೆ ಒಂದು. ಮೇಲಿನದು ಮಾಸ್ಟಿಂದ ಇಳಿದು ಬಂದು ಪೋಲ್ ನೀರಿಗೆ ಅದ್ದದ ಹಾಗೆ ಎತ್ತಿ ಹಿಡೀತದೆ. ಮುಂದಿನದು ಮೂಗಿನ ಹತ್ರದ ಬ್ಲಾಕ್ ರಾಟೆಯಿಂದ ಹಾದು ಕೆಳಕ್ಕೂ ಮುಂದಕ್ಕೂ ಎಳೀತದೆ. ಹಿಂದಿನದು ದೋಣಿಯ ಹಿಂಬದಿಯಿಂದ ಬರೋದು. ಮೂರೂ ಬಿಗಿದ ಮೇಲೆ ಹಾಯಿ ಇಲ್ಲದಿದ್ರೂ ಪೋಲ್ ಅಲ್ಲಾಡದೆ ನಿಂತಿರಬೇಕು. ಹಾಯಿ ಮೂಲೆಗೆ ಪೋಲ್ ಸಿಕ್ಕಿಸೋದಲ್ಲ, ಶೀಟ್ ಹಗ್ಗ ಪೋಲಿನ ಬಾಯೊಳಗೆ ಸಲೀಸಾಗಿ ಓಡಬೇಕು. ಈ ಎರಡು ಆದ್ರೆ ಮಿಕ್ಕಿದ್ದೆಲ್ಲ ಕಾಕ್‌ಪಿಟ್ಟಲ್ಲಿ ಕೂತೇ ಆಗ್ತದೆ. ಗಾಳಿ ಜೋರಾಯ್ತಾ, ಶೀಟ್ ಸಡಿಲ ಬಿಟ್ಟು ಫರ್ಲರ್ ಹಗ್ಗ ಎಳೀರಿ, ಹಾಯಿ ಸುತ್ತಿಕೊಳ್ತದೆ, ಪೋಲ್ ಇದ್ದಲ್ಲೇ ಇರ್ತದೆ. ಆಮೇಲೆ ನಿಧಾನಕ್ಕೆ ಮುಂದೆ ಹೋಗಿ ಇಳಿಸಿ.

ಏರಿಸುವಾಗಲೂ ಹಾಗೇ. ಜಿನೋವಾ ಸುತ್ತಿಯೇ ಇರಲಿ. ಮೇನ್ ಹಾಯಿ ಹೊರಗೆ ಬಿಟ್ಟು, ಅದರ ತಳದ ಕೋಲಿಗೆ, ಅಂದ್ರೆ ಬೂಮಿಗೆ, ಅದು ಅಡ್ಡ ಹಾಯದ ಹಾಗೆ ಪ್ರಿವೆಂಟರ್ ಹಗ್ಗ ಕಟ್ಟಿ. ಇದು ಕಟ್ಟದೆ ಮುಂದೆ ಹೋದವರ ತಲೆ ಮೇಲೆ ಬೂಮ್ ಹಾಯೋದನ್ನ ನಾನು ವಿವರಿಸಬೇಕಾಗಿಲ್ಲ. ಲೈಫ್ ಜಾಕೆಟ್ ಹಾಕಿ, ಮಂಡಿ ಊರಿ ಕೆಲಸ ಮಾಡಿ. ಶೀಟನ್ನ ಬಾಯಿಗೆ ಹಾಕಿ, ಮೇಲಿನ ಹಗ್ಗ ಸಿಕ್ಕಿಸಿ, ಪೋಲ್ ಹೊರಗೆ ದೂಡಿ, ಒಳತುದಿ ಮಾಸ್ಟಿನ ಬಳೆಗೆ. ವಾಪಸ್ ಬಂದು ಹಗ್ಗ ಬಿಗಿದ ಮೇಲೆ ಹಾಯಿ ಬಿಚ್ಚಿ.

ಪೋಲಿನ ಬಾಯಿ ಮೇಲ್ಮುಖ ಇರಲಿ. ಪಿನ್ ಎಳೆದಾಗ ಪೋಲ್ ತನ್ನ ಭಾರಕ್ಕೆ ತಾನೇ ಹಗ್ಗದಿಂದ ಕೆಳಗಿಳಿದು ಬಿಡಿಸಿಕೊಳ್ತದೆ.

ಹೋಗಬಾರದ ಜಾಗ ಅಂದೆನಲ್ಲ, ಅದು ಮಾಸ್ಟನ್ನ ಬದಿಯಿಂದ ಎಳೆದು ಹಿಡಿಯುವ ಶ್ರೌಡ್ ತಂತಿ. ಹಿಂದಿನ ಹಗ್ಗ ಜಾಸ್ತಿ ಎಳೆದು ಪೋಲನ್ನ ಶ್ರೌಡಿಗೆ ಒತ್ತಿದ್ರೆ ಲೇತ್ ಭಾವನ 270 ಕೆ.ಜಿ. ಲೆಕ್ಕ ಅಲ್ಲಿಗೆ ಮುಗೀತು. ಆಗ ತುದಿಯಿಂದ ಒತ್ತುವ ಭಾರ ಅಲ್ಲ, ಮೊಣಕಾಲ ಮೇಲಿಟ್ಟು ಸೌದೆ ಮುರಿಯುವ ಕೆಲಸ.

ಕುಮಟಾ ಗಾಳಿ:

ಮಾವ ಹೇಳಿದ್ದಕ್ಕೆ ಒಂದೇ ಸೇರಿಸ್ತೇನೆ. ಬೆನ್ನಿಗೇ ಸರಿಯಾಗಿ ಗಾಳಿ ಇಟ್ಟುಕೊಂಡು ಹೋಗಬೇಡಿ. ಪೋಲ್ ಇರುವ ಬದಿಗೆ ಗಾಳಿ ಹತ್ತು ಹದಿನೈದು ಡಿಗ್ರಿ ವಾಲಿರಲಿ. ಆಗ ಜಿನೋವಾ ಕುಸಿಯೋದಿಲ್ಲ, ಮೇನ್ ಹಾಯಿ ಹಿಂದಿನಿಂದ ಗಾಳಿ ತಿಂದು ಅಡ್ಡ ಹೊಡೆಯುವ ಅಪಾಯವೂ ದೂರ.

ಉದ್ದದ ವಿಷಯದಲ್ಲಿ ಮಾತ್ರ ನಾನು ರಾಜಿ ಇಲ್ಲ. ಅರ್ಧ ಸುತ್ತಿದ ಹಾಯಿಗೆ ಎಂತ ಮಾಡ್ತೀರಿ?

ಗಣಿತದ ಟೀಚರ್, ಹೊಸನಗರ:

ಅರ್ಧ ಸುತ್ತಬೇಕಾದಷ್ಟು ಗಾಳಿ ಇದ್ದರೆ ಹಿನ್ನೀರಿನಲ್ಲಿ 19 ಅಡಿಯ ದೋಣಿ ಪೋಲ್ ಹಾಕುವುದೇ ಬೇಡ ಎನ್ನುವವಳು ನಾನು. ಅಣ್ಣ ಒಪ್ಪುವುದಿಲ್ಲ. ಆದರೂ ಪೋಲ್ ಸ್ಥಿರವಾಗಿ ನಿಂತಿದ್ದರೆ, ಶೀಟ್ ಬಾಯೊಳಗೆ ಓಡುವಂತಿದ್ದರೆ, ಸ್ವಲ್ಪ ಸುತ್ತಿದ ಹಾಯಿಯ ಮೂಲೆ ಪೋಲಿನ ತುದಿಗಿಂತ ಒಳಗೆ ನಿಲ್ಲುತ್ತದೆ. ಮೂಲೆಯಿಂದ ತುದಿಯವರೆಗೆ ಬರೀ ಹಗ್ಗ. ಹಾಯಿ ಕಿತ್ತುಹೋಗುವುದಿಲ್ಲ. ನೀವು ಹೇಳುವ ತೊಂದರೆ ಮೂಲೆಗೇ ಪೋಲ್ ಸಿಕ್ಕಿಸಿದಾಗಿನದು.

ಕುಮಟಾ ಗಾಳಿ:

ಹ್ಞೂಂ. ಮೇಡಂ ಹೇಳೋದು ಸರಿ ಇದೆ. ಸಮುದ್ರಕ್ಕೆ ನನ್ನದು ನನಗೇ ಇರಲಿ.

ಹಿನ್ನೀರಿನವ, ಸಾಗರ:

ಒಂದು ಭಯ ಉಳಿದಿದೆ. ಮಾರ್ಚ್ ದಾಟಿದ ಮೇಲೆ ನೀರು ಇಳಿದು ಒಣಮರಗಳು ಮೇಲೆ ಬರ್ತವಲ್ಲ. ಪೋಲ್ ಒಂದು ಬದಿಗೆ 2.6 ಮೀಟರ್, ಬೂಮ್ ಇನ್ನೊಂದು ಬದಿಗೆ. ಐದು ಮೀಟರ್ ಅಗಲ ಆಯ್ತು. ಕೊಂಬೆಗೆ ಸಿಕ್ಕಿಕೊಂಡ್ರೆ? ಮಾಸ್ಟಿನ ಬಳೆಗೆ ಸಣ್ಣ ದಾರದಲ್ಲಿ ಕಟ್ಟಿದ್ರೆ, ಜೋರಾದಾಗ ದಾರ ತುಂಡಾಗಿ ಪೋಲ್ ಬಿಟ್ಟುಕೊಳ್ತದೆ ಅಂತ ಒಬ್ಬರು ಹೇಳಿದ್ರು.

ನೀರಾಟದ ಮಾವ, ತಾಳಗುಪ್ಪ:

ಆ ದಾರದ ಉಪಾಯ ಹೇಳಿದವರು ಮುಂದೆ ನಿಂತವರ ಕುರಿತು ಯೋಚಿಸಿಲ್ಲ. ಮಾಸ್ಟಿನ ಕಡೆಯ ತುದಿ ಬಿಟ್ಟುಕೊಂಡ್ರೆ ಆ ಪೋಲ್ ಈಟಿ. ತುಂಡಾಗಬೇಕಾದ್ದು ಅಲ್ಲ. ಹಿಂದಿನ ಹಗ್ಗವನ್ನ ಕೈಗೆ ಸಿಗುವ ಕ್ಯಾಮ್ ಕ್ಲೀಟಲ್ಲಿ, ಅಂದ್ರೆ ಹಗ್ಗ ಕಚ್ಚಿ ಹಿಡಿಯುವ ಹಿಡಿಕೆಯಲ್ಲಿ ಇಡಿ, ತುದಿಗೆ ಗಂಟು ಹಾಕಬೇಡಿ. ಸಿಕ್ಕಿಕೊಂಡ ತಕ್ಷಣ ಅದನ್ನೂ ಶೀಟನ್ನೂ ಬಿಟ್ರೆ ಪೋಲ್ ಮುಂದಕ್ಕೆ ತಿರುಗಿ ಸ್ಟೇ ಕಡೆ ಹೋಗ್ತದೆ, ದೋಣಿ ಪಾರಾಗ್ತದೆ.

ಇನ್ನೂ ಸರಿಯಾದ್ದು ಅಂದ್ರೆ ಮರ ಇರುವಲ್ಲಿ ಪೋಲ್ ಹಾಕದೇ ಇರೋದು. ಲಿಂಗನಮಕ್ಕಿ ಅಣೆಕಟ್ಟು 1964ರದ್ದು, ಆಗ ಮುಳುಗಿದ ಕಾಡಿನ ಬೊಡ್ಡೆ ಇನ್ನೂ ಗಟ್ಟಿ ಇವೆ. ತುಂಬಿದ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಅದರ ಹತ್ರ ಇದ್ದಾಗ ಎಲ್ಲ ಬಯಲು ನೀರು. ಇಳಿದ ಹಾಗೆ ಮೊದಲು ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗಿರುವ ಬೊಡ್ಡೆ ಬರ್ತವೆ, ಕಾಣೋದಿಲ್ಲ, ಅವೇ ಕೆಟ್ಟವು. ಹಿನ್ನೀರಲ್ಲಿ ಮುಳುಗಿದ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತುವ ಹೊತ್ತಿಗೆ ನಾನಂತೂ ಪೋಲ್ ಮನೆಯಲ್ಲಿ ಬಿಡ್ತೇನೆ. ಪೋಲ್ ಹಾಕಿದ ದೋಣಿ ಬೇಗ ತಿರುಗೋದಿಲ್ಲ, ಎದುರಿಗೆ ಮರ ಕಂಡ್ರೆ ಅದೇ ದೊಡ್ಡ ಕಷ್ಟ. ಅಭಯಾರಣ್ಯಕ್ಕೆ ಸೇರಿದ ಕಡೆ ಹೋಗುವ ಮುಂಚೆ ಅನುಮತಿ ಕೇಳ್ಕೊಳ್ಳಿ, ಅದು ಹೇಗೂ ಗೊತ್ತಲ್ಲ.

ಅಡಿಕೆ ಕೊನೆ, ತೀರ್ಥಹಳ್ಳಿ:

ದೋಟಿ ತುಂಡು ಬಿಸಾಡಬೇಡಿ ಹಿನ್ನೀರಿನವರೇ. ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು: ಹಿಸುಕೋದು ತುದಿಯಲ್ಲಿ ತಾನೇ? ತುದಿಯ ಒಳಗೆ ನೈಲಾನ್ ಗೂಟ ಎಪಾಕ್ಸಿಯಲ್ಲಿ ಕೂರಿಸಿ, ಹೊರಗೆ ಗ್ಲಾಸ್ ಫೈಬರ್ ಪಟ್ಟಿ ಸುತ್ತಿದ್ರೆ ಆಗೋದಿಲ್ವಾ ಲೇತ್ ಭಾವ?

ಲೇತ್ ಭಾವ, ಶಿವಮೊಗ್ಗ:

ಆಗ್ತದೆ. ಸ್ಕ್ರೂ ಹಾಕಬಾರದು, ಅಂಟೇ ಗತಿ. ಅಲ್ಯೂಮಿನಿಯಂ ತುದಿಯನ್ನ ನೇರ ಕಾರ್ಬನ್ನಿಗೆ ತಾಗಿಸಬಾರದು, ಒದ್ದೆಯಾದ್ರೆ ಅಲ್ಯೂಮಿನಿಯಂ ಸವೀತದೆ. ನಡುವೆ ಗ್ಲಾಸ್ ಫೈಬರ್ ಪದರ ಇರಲಿ. ಹೊರಗೆ ಬಣ್ಣ ಹೊಡೀರಿ, ಬಿಸಿಲಿಗೆ ರಾಳ ಪುಡಿಯಾಗ್ತದೆ. ಆದ್ರೆ ಆ ತುಂಡು ಎಷ್ಟು ಪೆಟ್ಟು ತಿಂದಿದೆ ಅಂತ ಯಾರಿಗೆ ಗೊತ್ತು? ಸಣ್ಣ ಗಾಳಿಯ ದಿನಕ್ಕೆ, ಚಿಕ್ಕ ಜಿಬ್ಬಿಗೆ ಮಾಡಿ ಇಟ್ಟುಕೊಳ್ಳಿ. ಉದ್ದಕ್ಕೆ ಬೆರಳುಗುರಿಂದ ತಟ್ಟುತ್ತಾ ಹೋಗಿ, ಟಣ್ ಟಣ್ ಅಂತಿದ್ದದ್ದು ಎಲ್ಲಿ ಡಬ್ ಅಂತದೋ ಅಲ್ಲಿ ಪದರ ಬಿಟ್ಟಿದೆ, ಅದರ ಆಚೆಗೆ ಕೊಯ್ದು ಬಿಡಿ.

ಹಿನ್ನೀರಿನವ, ಸಾಗರ:

ತಟ್ಟಿ ನೋಡಿದೆ. ದೊಡ್ಡ ತುಂಡಲ್ಲಿ ಒಂದು ಕಡೆ ಡಬ್. ಅದನ್ನ ಕೊಯ್ದ್ರೂ 2 ಮೀಟರ್ ಉಳೀತದೆ, ಜಿಬ್ಬಿಗೆ ಆಗ್ತದೆ. ಜಿನೋವಾಕ್ಕೆ ಅಲ್ಯೂಮಿನಿಯಮ್ಮೇ. ಮಾಸ್ಟಿನ ಬಳೆ ಯಾವ ಎತ್ತರಕ್ಕೆ ಹಾಕೋದು?

ಗಣಿತದ ಟೀಚರ್, ಹೊಸನಗರ:

ಹಾಯಿ ತುಂಬಿಕೊಂಡಾಗ ಅದರ ಕೆಳಮೂಲೆ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟಕ್ಕೆ. ಪೋಲ್ ನೆಲಕ್ಕೆ ಸಮನಾಗಿ ನಿಲ್ಲಬೇಕು. ಎರಡು ಹಾಯಿ ಇರುವುದರಿಂದ ಒಂದೇ ಬಳೆ ಎರಡಕ್ಕೂ ಹೊಂದುವುದಿಲ್ಲ. ಮಾಸ್ಟಿಗೆ ಒಂದು ಮೊಳದಷ್ಟು ಟ್ರ್ಯಾಕ್ ಹಾಕಿ, ಬಳೆ ಅದರ ಮೇಲೆ ಜಾರುವಂತೆ ಮಾಡಿಸಿ.

ಲೇತ್ ಭಾವ, ಶಿವಮೊಗ್ಗ:

ಟ್ರ್ಯಾಕ್ ನನ್ನ ಹತ್ರ ಇಲ್ಲ, ತರಿಸಬೇಕು. ಅಷ್ಟರಲ್ಲಿ ಎರಡು ಎತ್ತರಕ್ಕೆ ಎರಡು ಬಳೆ ಹಾಕಿದ್ರೂ ನಡೀತದೆ. ಸೋಮವಾರ ಬನ್ನಿ, ಆಟೋ ಕಾಂಪ್ಲೆಕ್ಸಲ್ಲಿ ಯಾರನ್ನ ಕೇಳಿದ್ರೂ ಅಂಗಡಿ ತೋರಿಸ್ತಾರೆ. ಪೈಪ್ ಕೊಯ್ಯದೆ ಪೂರ್ತಿ ತನ್ನಿ, ಟೇಪಲ್ಲಿ ಅಳೆದ ಲೆಕ್ಕ ಚೀಟಿಯಲ್ಲಿ ಬರೆದು ತನ್ನಿ. ಸಾಗರದ ಬಸ್ಸಲ್ಲಿ ಕಂಡಕ್ಟರ್ ಹತ್ತಿಸೋದಿಲ್ಲ, ಅದಕ್ಕೆ ಬೇರೆ ಗಾಡಿ ನೋಡ್ಕೊಳ್ಳಿ.